ಇಬ್ಬರಿಗೆ ಒಂದೇ ಜೊತೆ ಶೂ

ಮೇ 19, ಸೋಮವಾರ

ಬೆಳಿಗ್ಗೆ ನಮಗೆಲ್ಲ ಅಕ್ಕನಂತಿರುವ ಮನಾಂಗ್ ಪೆರ್ಲಾ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಆಡುವ ತಮ್ಮ ಪೂಲ್ ಹಾಲಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಅಂಟಿಸಿದವರೂ ಅವರೇ, ಅದನ್ನು ನೋಡಿ ಬೈದವರೂ ಅವರೇ. ಊರಹಬ್ಬದ ಪೂಲ್ ಪಂದ್ಯ ಈ ಸಲ ಮಾರುಕಟ್ಟೆಯ ತಗಡಿನ ಚಪ್ಪರದಲ್ಲಿ ನಡೆಯುವುದಿಲ್ಲ. ಹೊಸ ಹೋಟೆಲಿನ ಸಭಾಂಗಣದಲ್ಲಿ ನಡೆಯುತ್ತದೆ. ಆಡುವವರಿಗೆ ಕಾಲರ್ ಅಂಗಿ, ಅದು ಪ್ಯಾಂಟಿನೊಳಗೆ ಸೇರಿರಬೇಕು. ಕಪ್ಪು ಪ್ಯಾಂಟ್. ಕಪ್ಪು ಚರ್ಮದ ಶೂ. ಚಡ್ಡಿ, ಬನಿಯನ್, ಚಪ್ಪಲಿಯಲ್ಲಿ ಬಂದವರು ಬಾಗಿಲಿಂದಲೇ ವಾಪಸ್.

"ಬನಿಯನ್ ಹಾಕ್ದೋರು ವಾಪಸ್ ಅಂದ್ರೆ ಇಡೀ ಟರ್ಮಿನಲ್ಲೇ ವಾಪಸ್ ಬಿಡಿ," ಎಂದ ಬೋಯೆಟ್. ಅವನು ಮೂರು ಚಕ್ರದ ಗಾಡಿ ಓಡಿಸುವವನು. ಸವಾರಿ ಸಿಗದಿದ್ದಾಗ ನಮ್ಮ ಹಾಲಿಗೆ ಬರುತ್ತಾನೆ, ಸಿಕ್ಕಿದಾಗಲೂ ಬರುತ್ತಾನೆ.

ನನಗೆ ಮೈಯೆಲ್ಲ ಉರಿಯಿತು. ಜನರನ್ನು ಸಾಗಿಸುವ ಉದ್ದ ಜೀಪುಗಳು, ಅಂದರೆ ಜೀಪ್ನಿಗಳು ನಿಲ್ಲುವ ಟರ್ಮಿನಲ್ಲಿನ ಹಿಂದಿರುವ ಈ ಹಾಲಿನಲ್ಲಿ ಶೂ ಹಾಕಿ ಆಡಿದ ಒಬ್ಬನನ್ನೂ ನಾನು ಕಂಡಿಲ್ಲ. ಎಲ್ಲರದೂ ರಬ್ಬರ್ ಚಪ್ಪಲಿ. ಹೊಡೆತ ಕಷ್ಟದ್ದಾದರೆ ಅದನ್ನೂ ಕಳಚಿ ಬರಿಗಾಲಲ್ಲಿ ನಿಲ್ಲುತ್ತಾರೆ. ನಾವೆಲ್ಲ ಅಣ್ಣ ಎಂಬಂತೆ ನೋಂಗ್ ಎನ್ನುವ ಜೀಪ್ನಿ ಚಾಲಕ ಈಸ್ಕೊ ಚಪ್ಪಲಿ ಬಿಟ್ಟರೆಂದರೆ ಪಕ್ಕದ ಮೇಜಿನವರೂ ಆಟ ನಿಲ್ಲಿಸಿ ನೋಡುತ್ತಾರೆ. ನನಗೆ ಕೋಲು ಹಿಡಿಯಲು ಕಲಿಸಿದವರು ಅವರೇ. ಹುಡುಗಿಯಾದ ನನ್ನನ್ನು ಎಲ್ಲರ ಹಾಗೆ ದಾಯ್ ಎಂದೇ ಕರೆದು ಹೇಳಿದ ಮೊದಲ ಪಾಠ, "ನೆಲ ಮೊದಲು ನಿನ್ನ ಕಾಲಿಗೆ ಗೊತ್ತಾಗ್ಲಿ, ದಾಯ್. ಆಮೇಲೆ ಚೆಂಡು."

ಕಾಗದದ ಕೊನೆಯ ಸಾಲನ್ನು ಮಾತ್ರ ನಾನು ಮತ್ತೆ ಮತ್ತೆ ಓದಿದೆ. ಕೊನೆಯ ನಾಲ್ವರೊಳಗೆ ಬಂದವರಿಗೆ ಸಮುದ್ರದಾಚೆಯ ಸೆಬು ನಗರದ ತಂಡದಲ್ಲಿ ಜಾಗ. ಊಟ, ವಸತಿ, ತರಬೇತಿ ಅವರದೇ. ಈ ಊರಲ್ಲಿ ಇನ್ನೊಂದು ವರ್ಷ ಕೂತರೆ ನಾನು ಯಾರಿಗಾದರೂ ಹೊಡೆದುಬಿಡುತ್ತೇನೆ. ಅಮ್ಮನಿಗೆ ಹೇಳಿದೆ. ಕರಿದ ಬಾಳೆಹಣ್ಣಿಗೆ ಸಕ್ಕರೆ ಹಚ್ಚುತ್ತಿದ್ದವಳು ತಲೆಯೆತ್ತದೆ, "ಶಾಲೇಲಿ ಎಲ್ಲಾರೂ ನಕಲು ಹೊಡೆದಾಗ ನಾನೂ ಹೊಡ್ದೆ ಅಂತ ನೀನೊಬ್ಳೇ ಕೈ ಎತ್ತಿದ್ಯಲ್ಲ, ಆ ಕೈ ಕೆಳಗಿದ್ದಿದ್ರೆ ಇಷ್ಟೊತ್ತಿಗೆ ನಿನ್ನ ಓದು ಮುಗಿದಿರೋದು," ಎಂದಳು. ಬಾಗಿಲಿನ ಕಾಗದಕ್ಕೂ ಅದಕ್ಕೂ ಏನು ಸಂಬಂಧವೋ.

ಮೇ 24, ಶನಿವಾರ

ಇವತ್ತು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ. ಪಂದ್ಯದ ಸಮಿತಿಯ ಅಧ್ಯಕ್ಷ ಸೆರ್ ಅರ್ನುಲ್ಫೊ ಬಂದಿದ್ದರು. ಈಗ ಕಬ್ಬಿಣದ ಸಾಮಾನಿನ ಅಂಗಡಿಯ ಯಜಮಾನರು, ಹಿಂದೆ ನಮ್ಮ ಹಾಲಿನಲ್ಲೇ ಬೆಳೆದವರು. ಇಸ್ತ್ರಿ ಮಾಡಿದ ಅಂಗಿ, ಕನ್ನಡಿಯಂಥ ಶೂ. ಕುಳಿತ ಕುರ್ಚಿ ಮಾತ್ರ ಮುರುಕಲು ಪ್ಲಾಸ್ಟಿಕ್ಕಿನದು.

ಬೋಯೆಟ್ ಶುರು ಮಾಡಿದ. "ಸೆರ್, ಒಂದು ಅನುಮಾನ. ಚೆಂಡು ಹೊಡೆಯೋದು ಕೋಲಿಂದಾನೋ ಶೂನಿಂದಾನೋ?"

ಎಲ್ಲರೂ ನಕ್ಕರು. ಅರ್ನುಲ್ಫೊ ಕೂಡ. "ನಗ್ರಪ್ಪಾ ನಗ್ರಿ. ಮನಿಲಾಗೆ ಹೋಗೋ ತನಕ ನಾನೂ ಹಿಂಗೇ ನಗ್ತಿದ್ದೆ. ಅಲ್ಲಿ ಹೋಟೆಲ್ ಕಾವಲುಗಾರ ನನ್ನ ಚಪ್ಪಲಿ ನೋಡಿ ಹಿಂದಿನ ಬಾಗಿಲಿಗೆ ಕಳಿಸ್ದ. ಅಡುಗೆಮನೆ ಒಳಗಿಂದ, ಮೀನು ತೊಳೆಯೋರ ಮಧ್ಯ ದಾಟ್ಕೊಂಡು ನಾನು ಪಂದ್ಯಕ್ಕೆ ಹೋಗಿದ್ದು. ಎದುರಾಳಿ ನನ್ನ ಕೈ ಕುಲುಕೋಕೂ ಮುಂಚೆ ನನ್ನ ಕಾಲು ನೋಡ್ದ. ನಾನು ಸೋತಿದ್ದು ಅಲ್ಲೇ. ನಿಮಗೆ ಅದು ಆಗಬಾರದು."

ನಾನು ಎದ್ದು ನಿಂತೆ. "ಹಾಗಾದ್ರೆ ತಪ್ಪು ಕಾವಲುಗಾರಂದು. ಚಪ್ಪಲೀದಲ್ಲ."

"ಇರಬಹುದು, ದಾಯ್. ಕಾವಲುಗಾರನ್ನ ಬದಲಾಯಿಸೋಕೆ ನನ್ನ ಕೈಲಾಗಲ್ಲ. ಶೂ ಹಾಕ್ಸೋಕೆ ಆಗುತ್ತೆ."

"ಅದಕ್ಕೆ ನೀವೇ ಕಾವಲುಗಾರ ಆಗ್ಬಿಟ್ರಾ?"

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅರ್ನುಲ್ಫೊ ಅವರ ಕಿವಿ ಕೆಂಪಾಯಿತು. ಮನಾಂಗ್ ಪೆರ್ಲಾ ಮಧ್ಯೆ ಬಾಯಿ ಹಾಕಿದರು. "ಶೂ ವಿಷ್ಯ ನಂಗೊತ್ತಿಲ್ಲ. ಆದ್ರೆ ಚಡ್ಡಿ ಹಾಕ್ಕೊಂಡು ಮೇಜಿನ ಮೇಲೆ ಬಗ್ಗೋ ಗಂಡಸರನ್ನ ಇಷ್ಟು ವರ್ಷ ಹಿಂದಿನಿಂದ ನೋಡಿ ನಂಗೆ ಸಾಕಾಗಿದೆ. ಪ್ಯಾಂಟ್ ನಿಯಮಕ್ಕೆ ನನ್ನ ಓಟು." ಮತ್ತೆ ನಗು. ಅವರು ನನ್ನ ಪಕ್ಷವೋ ಅಲ್ಲವೋ ತಿಳಿಯಲಿಲ್ಲ.

ನಗು ನಿಂತ ಮೇಲೆ ಅರ್ನುಲ್ಫೊ ಸ್ವರ ತಗ್ಗಿಸಿ, "ಒಂದು ಮಾಡೋಣ. ನೋಂಗ್ ಈಸ್ಕೊ ಹಿರಿಯರು. ಅವರ ಕಾಲಿಗೆ ಶೂ ಆಗಲ್ಲ ಅಂತ ನಂಗೆ ಗೊತ್ತು. ಅವರೊಬ್ಬರು ಚಪ್ಪಲಿ ಹಾಕ್ಕೊಂಡು ಆಡಲಿ," ಎಂದರು.

ನನಗೆ ಇಂಥದ್ದೇ ಆಗದು. "ಒಬ್ಬರಿಗೆ ಬಿಟ್ರೆ ಅದು ನಿಯಮ ಅಲ್ಲ ಸೆರ್, ದಯೆ. ನಮಗೆ ದಯೆ ಬೇಡ. ಬಿಡೋದಾದ್ರೆ ಎಲ್ಲಾರಿಗೂ ಬಿಡಿ, ಇಲ್ಲಾಂದ್ರೆ ಯಾರಿಗೂ ಬೇಡ."

ಜೋರಾಗಿ ಚಪ್ಪಾಳೆ ಬಿತ್ತು. ಅರ್ನುಲ್ಫೊ ಕುರ್ಚಿ ಹಿಂದೆ ಸರಿಸಿದರು. "ಸರಿ. ಯಾರಿಗೂ ಬೇಡ," ಎಂದು ಎದ್ದರು.

ನಾನು ಹೇಳಿದ್ದು ಸರಿ. ಮನೆಗೆ ಬಂದು ಇನ್ನೊಮ್ಮೆ ಯೋಚಿಸಿದೆ. ಆಗಲೂ ಸರಿಯೇ ಅನ್ನಿಸಿತು.

ಮೇ 26, ಸೋಮವಾರ

ಮನಾಂಗ್ ಪೆರ್ಲಾ ಚೆಂಡು ಒರೆಸುತ್ತ, "ಚೆನ್ನಾಗೇ ಮಾತಾಡ್ದೆ. ಈಗ ಈಸ್ಕೊ ಕಾಲಿಗೆ ಶೂ ಹುಡುಕೋರು ಯಾರು, ನೀನಾ?" ಎಂದರು.

"ನಾನೇ," ಎಂದೆ.

ನೋಂಗ್ ಈಸ್ಕೊ ಕೋಲಿನ ತುದಿಗೆ ಚಾಕ್‌ಪೀಸ್ ಉಜ್ಜಿದರು. ಮೂರು ಆಟ ಆಡಿದೆವು, ಮೂರನ್ನೂ ಗೆದ್ದರು. ಹೋಗುವಾಗ, "ನನ್ನ ಜೀಪ್ನಿಗೆ ಇದೇ ಕೊನೇ ವರ್ಷ ದಾಯ್. ಹಳೇ ಗಾಡಿ ಇನ್ನು ರಸ್ತೆಗೆ ಬಿಡಲ್ವಂತೆ. ಆಮೇಲೆ ನಂಗೆ ಬರೋ ಕೆಲಸ ಅಂದ್ರೆ ಇದೊಂದೇ," ಎಂದು ಮೇಜನ್ನು ತಟ್ಟಿದರು. ಅವರೂ ಸೆಬುವಿನ ಸಾಲನ್ನು ಓದಿದ್ದಾರೆ.

ಜೂನ್ 1, ಭಾನುವಾರ

ಚರ್ಚಿನ ಪೂಜೆ ಮುಗಿಸಿ, ನಾನೂ ನೋಂಗೂ ಹೊರದೇಶದ ಹಳೆ ಬಟ್ಟೆಗಳನ್ನು ಗುಡ್ಡೆ ಹಾಕಿ ಮಾರುವ ಅಂಗಡಿಗಳಿಗೆ ಹೋದೆವು. ಮೊದಲ ಅಂಗಡಿಯಲ್ಲಿ ನೋಂಗ್ ಈಸ್ಕೊ ಸ್ಟೂಲಿನ ಮೇಲೆ ಕುಳಿತು ಕಾಲು ಮುಂದೆ ಮಾಡಿದಾಗ ನಾನು ಅವರ ಪಾದವನ್ನು ಮೊದಲ ಸಲ ನೋಡಿದೆ. ಇಷ್ಟು ವರ್ಷ ಬರಿಗಾಲಲ್ಲಿ ಆಡುವುದನ್ನು ನೋಡಿದ್ದೇನೆ, ಆದರೂ ನೋಡಿರಲಿಲ್ಲ. ಮುಂಭಾಗ ಮೊರದ ಹಾಗೆ ಅಗಲ. ಬೆರಳುಗಳು ಒಂದಕ್ಕೊಂದು ತಾಗುವುದಿಲ್ಲ. ಎಡಗಾಲ ಹೆಬ್ಬೆರಳಿನ ಬುಡದಲ್ಲಿ ಅಡಿಕೆಯಷ್ಟು ಗಂಟು.

"ಇದು ಪಾದಾನೋ ಹುಟ್ಟೋ?" ಎಂದ ಅಂಗಡಿಯವನು.

"ಎರಡು ಹುಟ್ಟು. ನೀನು ದೋಣಿ ಕೊಡು," ಎಂದರು ನೋಂಗ್.

ಐದು ಅಂಗಡಿ ತಿರುಗಿದ ಮೇಲೆ ಯಾವುದೋ ದೇಶದ ದೈತ್ಯನದೊಂದು ಕಪ್ಪು ಜೊತೆ ಸಿಕ್ಕಿತು. ಚೂಪು ಮೂತಿಯಿಲ್ಲ, ಅಗಲ. ನೋಂಗ್ ಕಾಲು ಬರಿದಾಗಿದ್ದರೆ ಮಾತ್ರ ಒಳಗೆ ಹೋಗುತ್ತದೆ, ಕಾಲುಚೀಲ ಹಾಕಿದರೆ ಇಲ್ಲ. ಗಂಟಿನ ಹತ್ತಿರ ಬಿಗಿ. ನನ್ನ ಕಾಲಿಗೆ ಶೂ ಹುಡುಕಿದರೆ ಇನ್ನೂ ಕಷ್ಟ. ಹೆಂಗಸರ ಶೂ ನನಗೆ ಯಾವತ್ತೂ ಆದದ್ದಿಲ್ಲ, ಗಂಡಸರದು ಸಿಕ್ಕವೆಲ್ಲ ಸಣ್ಣವು. ಕೊನೆಗೆ ಅದೇ ಜೊತೆಯನ್ನು ಹಾಕಿ ನೋಡಿದೆ. ಮುಂದೆ ಸ್ವಲ್ಪ ಬಟ್ಟೆ ತುರುಕಿದರೆ ನಿಲ್ಲುತ್ತದೆ.

"ಇಬ್ಬರೂ ಒಟ್ಟಿಗೆ ಆಡಲ್ವಲ್ಲ. ನೀನು ಗೆದ್ದು ಬಂದ್ಮೇಲೆ ನಂಗೆ ಕೊಡು," ಎಂದರು ನೋಂಗ್.

ಹಾಲಿನ ಉಳಿದವರೂ ಹೀಗೇ ಮಾಡುತ್ತಿದ್ದಾರೆ. ಬೋಯೆಟ್ ಮತ್ತು ಅವನ ಭಾವಂದಿರಿಬ್ಬರು ಸೇರಿ ಒಂದು ಜೊತೆ. ಒಬ್ಬ ಸೋಲುವುದನ್ನೇ ಇನ್ನೊಬ್ಬ ಕಾಯಬೇಕು.

ಜೂನ್ 5, ಗುರುವಾರ

ಶೂ ಹಾಕಿ ಅಭ್ಯಾಸ. ಹಿಮ್ಮಡಿ ಎರಡು ಬೆರಳಷ್ಟು ಮೇಲೆ ನಿಲ್ಲುತ್ತದೆ. ಅಷ್ಟರಲ್ಲೇ ಇಡೀ ಮೇಜು ಬೇರೆಯಾಗಿ ಕಾಣುತ್ತದೆ. ಕಣ್ಣು ಎತ್ತರವಾಗಿದೆ, ಗೆರೆ ಜರುಗಿದೆ. ನೇರವಾದ ಹೊಡೆತವನ್ನೇ ತಪ್ಪಿದೆ. ಸಿಟ್ಟಿನಿಂದ ಚಾಕ್‌ಪೀಸನ್ನು ಗೋಡೆಗೆ ಎಸೆದೆ.

ನೋಂಗ್ ಇನ್ನೂ ಹೆಚ್ಚು ತಪ್ಪುತ್ತಿದ್ದಾರೆ. ಆದರೆ ಏನನ್ನೂ ಎಸೆಯುವುದಿಲ್ಲ. ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಹಳೆಯ ಎತ್ತರಕ್ಕೆ ಇಳಿದು ನಿಲ್ಲುತ್ತಾರೆ. ನಾಲ್ಕು ಆಟವಾಗುವಷ್ಟರಲ್ಲಿ ತೊಡೆ ನಡುಗುವುದು ಕಾಣುತ್ತದೆ.

ಜೂನ್ 20, ಶುಕ್ರವಾರ

ಪಂದ್ಯ ಶುರುವಾಯಿತು. ನಾನು ಗೆದ್ದೆ. ಗೆದ್ದ ಕೂಡಲೇ ಕೋಲನ್ನೂ ಚೀಲಕ್ಕೆ ಹಾಕದೆ ಹೊರಗೆ ಓಡಿ, ಕೈತೊಳೆಯುವ ಜಾಗದ ಹತ್ತಿರ ಶೂ ಬಿಚ್ಚಿ ನೋಂಗ್‌ಗೆ ಕೊಟ್ಟೆ. ಅವರು ಒಳಗಿನ ಬಟ್ಟೆ ತೆಗೆದು ಕಾಲು ತುರುಕಿದರು. ಹಾಗೆ ತುರುಕುವಾಗ ಅವರು ಗೋಡೆ ನೋಡುತ್ತಾರೆ. ಅವರೂ ಗೆದ್ದರು.

ಬೋಯೆಟ್‌ನ ಭಾವ ಗೆಲ್ಲುತ್ತಲೇ ಹೋದ. ಶೂ ಬಿಚ್ಚಲೇ ಇಲ್ಲ. ಬೋಯೆಟ್‌ನ ಹೆಸರು ಕರೆದಾಗ ಅವನು ಬರಿಗಾಲಲ್ಲಿ ಬಾಗಿಲ ಹತ್ತಿರ ನಿಂತು, "ನನ್ನ ಶೂ ಮೂರನೇ ಮೇಜಿನಲ್ಲಿ ಆಡ್ತಿದೆ ಸೆರ್, ಹತ್ತು ನಿಮಿಷ!" ಎಂದು ಕೂಗಿದ. ಇಡೀ ಸಭಾಂಗಣ ನಕ್ಕಿತು. ಅವನನ್ನು ಸೋತನೆಂದು ಬರೆದರು. ಹೊರಗೆ ಬಂದು ನಮ್ಮ ಜೊತೆ ಅವನೂ ನಕ್ಕ. ಆಮೇಲೆ ಗಾಡಿಯಲ್ಲಿ ಒಬ್ಬನೇ ಕುಳಿತಿದ್ದ.

ಜೂನ್ 21, ಶನಿವಾರ

ಇಬ್ಬರೂ ಗೆದ್ದೆವು. ಈಗ ಉಳಿದವರು ಎಂಟು ಮಂದಿ. ಇನ್ನೊಂದು ಗೆದ್ದರೆ ಕೊನೆಯ ನಾಲ್ವರೊಳಗೆ, ಸೆಬುಗೆ.

ಸಂಜೆ ಚೀಟಿ ಎತ್ತಿದರು. ನಾಳೆ ನನ್ನ ಎದುರಾಳಿ ನೋಂಗ್ ಈಸ್ಕೊ.

ಇಬ್ಬರೂ ಮೊದಲು ನೋಡಿದ್ದು ಒಬ್ಬರ ಮುಖವನ್ನೊಬ್ಬರಲ್ಲ. ನನ್ನ ಕಾಲಲ್ಲಿದ್ದ ಶೂವನ್ನು.

ಜೂನ್ 22, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪಂದ್ಯಕ್ಕೆ ಮುಂಚೆ ಸೆರ್ ಅರ್ನುಲ್ಫೊ ನಮ್ಮನ್ನು ಪಕ್ಕಕ್ಕೆ ಕರೆದರು. ಕುರ್ಚಿಯಲ್ಲಿ ಕುಳಿತು ತಮ್ಮ ಶೂ ಬಿಚ್ಚಿದರು. "ನೋಂಗ್ ಕಾಲಿಗೆ ಇದು ಆಗಲ್ಲ. ನಿಂಗಾಗಬಹುದು ದಾಯ್, ಹಾಕ್ಕೋ. ಆ ಜೋಡು ಅವರ ಹತ್ರ ಇರಲಿ." ಅವರ ಕಾಲುಚೀಲದಲ್ಲೂ ಒಂದು ಸಣ್ಣ ತೂತಿತ್ತು.

ನಾನು ಬೇಡ ಎಂದೆ. ಚಪ್ಪಲಿ ಬೇಡವೆಂದವರ ಶೂ ಹಾಕಿಕೊಂಡು ನಾನು ಆಡುವುದಿಲ್ಲ ಎಂದೆ. "ನಿಮ್ಮ ನಿಯಮದಲ್ಲಿ ಏನಿದೆ? ಮೇಜಿನ ಬಳಿ ಆಡೋರು ಶೂ ಹಾಕಿರಬೇಕು ಅಂತಿದೆ. ಕುರ್ಚೀಲಿ ಕೂತೋರ ವಿಷ್ಯ ಏನೂ ಇಲ್ಲ. ಒಬ್ಬರು ಆಡುವಾಗ ಇನ್ನೊಬ್ಬರು ಕೂತಿರ್ತೀವಿ. ಪಾಳಿ ಬದಲಾದಾಗ ಶೂ ಬದಲಾಯಿಸ್ತೀವಿ."

ರೆಫ್ರಿ ಕಾಗದ ತೆಗೆದು ಓದಿದ. ನಿಜವೇ, ಕುರ್ಚಿಯ ಮಾತು ಅದರಲ್ಲಿಲ್ಲ. "ಆದ್ರೆ ಹೊಡೆತದ ಸಮಯ ನಾನು ನಿಲ್ಲಿಸಲ್ಲ. ಚೆಂಡು ನಿಂತ ಕೂಡ್ಲೇ ಗಡಿಯಾರ ಶುರು," ಎಂದ.

"ನೋಂಗ್, ಪರವಾಗಿಲ್ವಾ?" ಎಂದು ಕೇಳಿದರು ಅರ್ನುಲ್ಫೊ.

ನೋಂಗ್ ಈಸ್ಕೊ ನನ್ನನ್ನು ನೋಡಿ, "ಇವಳು ಹೇಳಿದ ಹಾಗೇ ಆಗ್ಲಿ," ಎಂದರು.

ಏಳು ಆಟ ಮೊದಲು ಗೆದ್ದವರದು ಪಂದ್ಯ. ಒಂದರಿಂದ ಒಂಬತ್ತರ ತನಕ ಅಂಕಿಯ ಚೆಂಡುಗಳನ್ನು ಕ್ರಮವಾಗಿ ಬೀಳಿಸಬೇಕು, ಒಂಬತ್ತನ್ನು ಬೀಳಿಸಿದವರದು ಆಟ. ಶುರುವಿನಲ್ಲಿ ಎಲ್ಲರಿಗೂ ಮೋಜು. ಒಬ್ಬರು ತಪ್ಪಿದರೆ ಇಬ್ಬರೂ ಕುರ್ಚಿಗಳತ್ತ ಓಡುವುದು, ಒಬ್ಬರು ಬಿಚ್ಚುವುದು, ಇನ್ನೊಬ್ಬರು ತುರುಕುವುದು. "ಬೇಗ ಬೇಗ, ಬಸ್ಸು ಹೊರಡ್ತು!" ಎಂದು ಹಿಂದಿನಿಂದ ಕೂಗುತ್ತಿದ್ದರು. ಫೋನುಗಳೆಲ್ಲ ನಮ್ಮ ಕಾಲಿನತ್ತ ತಿರುಗಿದ್ದವು. ನನಗೂ ಖುಷಿಯೇ. ಅವರ ನಿಯಮವನ್ನು ಅವರೆದುರೇ ಕೋತಿಯಂತೆ ಕುಣಿಸುತ್ತಿದ್ದೇನೆ ಎನ್ನಿಸಿತು.

ನನಗೆ ಸುಲಭ. ಬಟ್ಟೆ ತುರುಕುವುದನ್ನು ಬಿಟ್ಟು ಸಡಿಲವಾಗಿಯೇ ಕಾಲು ಹಾಕಿಬಿಡುತ್ತಿದ್ದೆ. ನೋಂಗ್‌ಗೆ ಪ್ರತಿ ಸಲವೂ ಹೊಸ ಯುದ್ಧ. ಮೂರನೆಯ ಆಟದಲ್ಲಿ ಅವರು ಎಡಗಾಲನ್ನು ಒಳಗೆ ನೂಕುತ್ತಿರುವಾಗಲೇ ಗಡಿಯಾರ ಮುಗಿಯಿತು. ರೆಫ್ರಿ ಕೈ ಎತ್ತಿದ. ಅವರ ಪಾಳಿ ನನಗೆ ಬಂತು. ಬಿಳಿ ಚೆಂಡನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಕೂಗು ನಿಂತಿತು. ನಾನು ಆ ಆಟ ಗೆದ್ದೆ. ಐದನೆಯದರಲ್ಲೂ ಹಾಗೆಯೇ ಆಯಿತು.

ಆಮೇಲೆ ಅವರು ಹೇಗೆ ಆಡಿದರು ಎಂದು ನನಗೆ ಬರೆಯಲು ಬರುವುದಿಲ್ಲ. ಶೂ ಒಮ್ಮೆ ಕಾಲಿಗೆ ಬಂದರೆ ಮೇಜು ಖಾಲಿಯಾಗುವ ತನಕ ಬಿಚ್ಚುತ್ತಿರಲಿಲ್ಲ. ಬಿಚ್ಚಬಾರದೆಂದೇ ತಪ್ಪುತ್ತಿರಲಿಲ್ಲ. ಮೊಣಕಾಲು ಬಗ್ಗಿಸಿ, ಉಸಿರು ಬಿಗಿಹಿಡಿದು. ನನ್ನ ಆರಕ್ಕೆ ಅವರದು ಎರಡಿದ್ದದ್ದು ಆರಕ್ಕೆ ಆರಾಯಿತು.

ಕೊನೆಯ ಆಟ. ಮೊದಲ ಹೊಡೆತದಲ್ಲಿ ಚೆಂಡುಗಳ ಗುಂಪನ್ನು ಅವರೇ ಒಡೆದರು. ಒಂದೂ ಬೀಳಲಿಲ್ಲ. ಬಂದು ಕುಳಿತು ಶೂ ಬಿಚ್ಚಿ ನನ್ನ ಕಡೆ ದೂಡಿದರು. ಒಳಗೆ ಕಾಲಿಟ್ಟೆ. ಒದ್ದೆ. ಬೆವರೆಂದುಕೊಂಡೆ. ತಿರುಗಿ ನೋಡಿದರೆ ಅವರ ಎಡಗಾಲ ಗಂಟಿನ ಚರ್ಮ ಪೂರ್ತಿ ಹೋಗಿತ್ತು. ಅವರು ಬಲಗಾಲನ್ನು ಅದರ ಮೇಲಿಟ್ಟು ಮುಚ್ಚಿಕೊಂಡರು.

ಒಂದು, ಎರಡು, ಮೂರು, ನಾಲ್ಕು, ಐದು ಹೋದವು. ಆರನೆಯದು ಅಂಚಿಗೆ ಅಂಟಿಕೊಂಡಿತ್ತು, ಮುಂದೆ ಎಂಟು ಅಡ್ಡ. ಕಲಿತವರು ಅಲ್ಲಿ ಹೊಡೆಯುವುದಿಲ್ಲ. ಬಿಳಿ ಚೆಂಡನ್ನು ಎಂಟರ ಹಿಂದೆ ಅಡಗಿಸಿ ಎದುರಾಳಿಗೆ ಪಾಳಿ ಕೊಡುತ್ತಾರೆ, ಅವನು ಸಿಕ್ಕಿಬೀಳುತ್ತಾನೆ. ಅದನ್ನೂ ನನಗೆ ಕಲಿಸಿದವರು ನೋಂಗ್. ಅಡಗಿಸಿದ್ದರೆ ಅವರು ಮತ್ತೆ ಆ ಶೂ ಹಾಕಬೇಕಿತ್ತು.

ನಾನು ಹೊಡೆದೆ. ಮೇಜಿನ ಎರಡು ಅಂಚುಗಳಿಗೆ ಬಡಿದು ಬಂದು ಆರು ಬಿತ್ತು. ಮಿಕ್ಕ ಮೂರು ಸುಲಭದವು.

ಎಲ್ಲರೂ ಎದ್ದು ಕೂಗಿದರು. ನೋಂಗ್ ಬರಿಗಾಲಲ್ಲೇ ಬಂದು ಕೈ ಕೊಟ್ಟರು. ಹಿಡಿತ ಗಟ್ಟಿಯಾಗಿತ್ತು, ಆದರೆ ಕಣ್ಣು ಆರನೆಯ ಚೆಂಡು ಬಿದ್ದ ಪಾಕೆಟ್ಟಿನ ಮೇಲಿತ್ತು.

ಜೂನ್ 23, ಸೋಮವಾರ

ಮನಾಂಗ್ ಪೆರ್ಲಾ ನನ್ನ ಕೋಲಿನ ಚೀಲಕ್ಕೆ ಶೂ ಕಟ್ಟಿಕೊಡುತ್ತ, "ಅರ್ನುಲ್ಫೊ ಶೂ ಹಾಕ್ಕೊಂಡಿದ್ರೆ ನಿನ್ನ ಕಾಲು ಸವೆದು ಹೋಗ್ತಿತ್ತೇನು?" ಎಂದರು.

ಉತ್ತರ ಕೊಟ್ಟೆ. ಏನು ಕೊಟ್ಟೆನೆಂದು ಈಗ ನೆನಪಾಗುತ್ತಿಲ್ಲ. ಜೋರಾಗಿ ಕೊಟ್ಟೆ.

ಅಲ್ಲಿಂದ ನೇರ ನೋಂಗ್ ಮನೆಗೆ ಹೋದೆ. ಬಾಗಿಲ ಹತ್ತಿರ ಪೇರಲೆ ಸೊಪ್ಪು ಕುದಿಸಿದ ನೀರಿನಲ್ಲಿ ಕಾಲಿಟ್ಟು ಕುಳಿತಿದ್ದರು.

"ಆರನೇದನ್ನ ಯಾಕೆ ಅಡಗಿಸ್ಲಿಲ್ಲ?" ಇದೇ ಮೊದಲ ಮಾತು. "ನೂರಕ್ಕೆ ಎಂಬತ್ತು ಸಲ ಗೆಲ್ಲೋ ದಾರಿ ಅದು. ನೀನು ಹೊಡೆದಿದ್ದು ಹತ್ತಕ್ಕೆ ಎರಡು ಸಲ ಬೀಳೋ ಹೊಡೆತ."

ನನಗೆ ಸುಳ್ಳು ಬರುವುದಿಲ್ಲ. "ಅಡಗಿಸಿದ್ರೆ ನೀವು ಮತ್ತೆ ಶೂ ಹಾಕ್ಬೇಕಿತ್ತು, ಅದಕ್ಕೆ."

ಅವರು ಕಾಲನ್ನು ನೀರಿನಿಂದ ತೆಗೆದರು. ಅವರ ಮುಖ ಹಾಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಸಭೇಲಿ ಎದ್ದು ನಿಂತು ದಯೆ ಬೇಡ ಅಂದೋಳು ನೀನೇ ತಾನೇ? ನಂಗೆ ಯಾಕೆ ಕೊಟ್ಟೆ ಮತ್ತೆ? ಕಾಲು ನಂದು. ಹರಿದ್ರೆ ಹರೀಲಿ. ಆ ಪಾಳಿ ನಂದಾಗ್ಬೇಕಿತ್ತು. ಎಂಟರ ಹಿಂದಿನಿಂದ ನಾನು ಹೆಂಗೆ ಬಿಡಿಸ್ಕೊಂಡು ಬರ್ತಿದ್ದೆ ಅಂತ ನೋಡೋಕೂ ಬಿಡ್ಲಿಲ್ಲ ನೀನು."

"ನೋಂಗ್..."

"ಹೋಗು ದಾಯ್. ಇವತ್ತು ಹೋಗು."

ಅವರ ಮುಂದೆ ಹೇಳದೆ ಉಳಿದದ್ದೊಂದಿದೆ, ಇಲ್ಲಿ ಬರೆಯುತ್ತೇನೆ. ಆ ಹೊಡೆತಕ್ಕೆ ಬಗ್ಗಿದಾಗ ಅವರ ಕಾಲು ನನ್ನ ಕಣ್ಣ ಮುಂದಿತ್ತು. ಸೆಬುವೂ ಇತ್ತು. ಯಾವುದು ಮುಂದಿತ್ತು ಎಂದು ಕೇಳಿದರೆ ಹೇಳಲಾರೆ. ಹೇಳಿದರೆ ಊಹೆಯಾಗುತ್ತದೆ.

ಜೂನ್ 24, ಮಂಗಳವಾರ

ಮುಂದಿನ ಪಂದ್ಯದಲ್ಲಿ ಏಳಕ್ಕೆ ಮೂರರಲ್ಲಿ ಸೋತೆ. ಕೊನೆಯ ನಾಲ್ವರೊಳಗೆ ಬಂದದ್ದಕ್ಕೆ ಸೆಬು ಉಳಿಯಿತು. ಅಮ್ಮ ಅತ್ತಳು, ಖುಷಿಗೆ. ಉಳಿದಿದ್ದ ಬಾಳೆಹಣ್ಣನ್ನು ಟರ್ಮಿನಲ್ಲಿನವರಿಗೆಲ್ಲ ಪುಕ್ಕಟೆ ಹಂಚಿದಳು.

ಜೂನ್ 27, ಶುಕ್ರವಾರ

ಸಮಿತಿ ಸೇರಿತ್ತು. ನಮ್ಮ ಶೂ ಓಟದ ವಿಡಿಯೊವನ್ನು ಎಲ್ಲರೂ ನೋಡಿದ್ದಾರಂತೆ. ಇನ್ನು ಮುಂದೆ ಏನಾದರೂ ಬದಲಾಗುತ್ತದೆ ಎಂದು ಬೋಯೆಟ್ ಓಡಿ ಬಂದು ಹೇಳಿದ್ದ. ಬದಲಾಯಿತು. ನಿಯಮಕ್ಕೆ ಹೊಸ ಸಾಲೊಂದನ್ನು ಸೇರಿಸಿದ್ದಾರೆ: ಪ್ರತಿಯೊಬ್ಬ ಆಟಗಾರನಿಗೂ ಸ್ವಂತ ಶೂ ಇರಬೇಕು, ಪಂದ್ಯದ ವೇಳೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಕುರ್ಚಿಯ ಮಾತನ್ನೂ ಬರೆದಿದ್ದಾರೆ.

ಸೆರ್ ಅರ್ನುಲ್ಫೊ ದಾರಿಯಲ್ಲಿ ಸಿಕ್ಕರು. "ನಾನೊಬ್ಬನೇ ಬೇಡ ಅಂದೆ ದಾಯ್. ಮಿಕ್ಕೋರಿಗೆ ನಾಚಿಕೆ ಆಗಿದೆ. ನಾಚಿಕೆ ಆದ ಜನಕ್ಕೆ ನಿಯಮ ಬರೆಯೋದೊಂದೇ ಗೊತ್ತು." ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. "ನೋಂಗ್ ಕಾಲು ಹೆಂಗಿದೆ?" ಎಂದು ಕೇಳಿದರು. ನೀವೇ ಹೋಗಿ ನೋಡಿ ಎಂದೆ. ಹೋಗುತ್ತೇನೆ ಎಂದರು.

ಜುಲೈ 1, ಮಂಗಳವಾರ

ನೋಂಗ್ ಹಾಲಿಗೆ ಬರುತ್ತಿದ್ದಾರೆ. ಬಟ್ಟೆ ಸುತ್ತಿದ ಕಾಲಲ್ಲಿ ಎಲ್ಲರ ಜೊತೆಯೂ ಆಡುತ್ತಾರೆ. ನಾನು ಕೋಲು ತೆಗೆದರೆ ಅವರ ಜೀಪ್ನಿ ತುಂಬಿರುತ್ತದೆ, ಹೊರಡಬೇಕಾಗಿರುತ್ತದೆ.

ಜುಲೈ 2, ಬುಧವಾರ

ಇವತ್ತೂ ಆಡಲಿಲ್ಲ. ಜೀಪ್ನಿಯಲ್ಲಿ ಒಬ್ಬಳೇ ಮುದುಕಿ ಇದ್ದಳು, ಒಂದು ಕೋಳಿ.

ಜುಲೈ 3, ಗುರುವಾರ

ಆಡಲಿಲ್ಲ.

ಜುಲೈ 4, ಶುಕ್ರವಾರ

ಇವತ್ತು ಬಾಗಿಲಿಗೆ ಅಡ್ಡ ನಿಂತೆ. "ಬನ್ನಿ. ಇಬ್ಬರೂ ಚಪ್ಪಲೀಲಿ. ಏಳು ಆಟ. ನಿಜವಾಗಿ ಯಾರು ಗೆಲ್ಲೋರು ಅಂತ ಗೊತ್ತಾಗ್ಲಿ. ಇಷ್ಟು ಸಿಟ್ಟು ಇಟ್ಕೊಂಡು ನನ್ನ ಕಳಿಸ್ಬೇಡಿ."

"ಸಿಟ್ಟು ಆ ಸೋಮವಾರವೇ ಹೋಯ್ತು," ಎಂದರು ನೋಂಗ್.

"ಮತ್ತೆ ಯಾಕೆ ಆಡಲ್ಲ?"

ಚಾಕ್‌ಪೀಸಿನ ಪುಡಿಯನ್ನು ಚಡ್ಡಿಗೆ ಒರೆಸಿಕೊಂಡರು. "ಆಡಿದ್ರೆ ನಾನು ಗೆಲ್ತೀನಿ. ನಾನು ಗೆದ್ರೆ ನೀನು ಅರ್ನುಲ್ಫೊ ಹತ್ರ ಓಡಿ ಹೋಗಿ, ಈ ಜಾಗ ನಂದಲ್ಲ, ಅವರದು ಅಂತ ಕೈ ಎತ್ತುತೀಯ. ನಿನ್ನ ಕೈ ನಂಗೊತ್ತಿಲ್ವಾ?"

"ನೀವು ಸೋತ್ರೆ?"

"ಸೋಲಲ್ಲ."

"ಗೊತ್ತಿಲ್ಲದೆ ನಾನು ಹೆಂಗೆ ಹೋಗ್ಲಿ ನೋಂಗ್?"

"ಎಲ್ಲಾರೂ ಹಂಗೇ ಹೋಗೋದು, ದಾಯ್."

ನನ್ನ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಗೆ ಹೋದರು. ನಾನು ಅರ್ನುಲ್ಫೊ ಅವರ ಅಂಗಡಿಯ ತನಕ ನಡೆದೆ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿದರೆ ಸುಳ್ಳಾಗುತ್ತದೆ. ಒಂದು ಹಿಡಿ ಮೊಳೆ ಕೊಂಡು ವಾಪಸ್ ಬಂದೆ.

ಜುಲೈ 6, ಭಾನುವಾರ, ಹಡಗಿನಲ್ಲಿ

ನೋಂಗ್ ಜೀಪ್ನಿಯಲ್ಲೇ ಬಂದರಿಗೆ ಬಂದೆವು. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಬಟ್ಟೆಗಂಟನ್ನು ತಬ್ಬಿಕೊಂಡು ಕುಳಿತಿದ್ದಳು. ಮುಂದೆ ನಾನು, ನೋಂಗ್ ಪಕ್ಕ. ದಾರಿಯುದ್ದಕ್ಕೂ ಜನ ಹತ್ತಿದರು, ಇಳಿದರು. ಅವರು ಎಂದಿನಂತೆ "ಸರ್ಕೊಳ್ಳಿ, ಸರ್ಕೊಳ್ಳಿ, ಇನ್ನಿಬ್ಬರು ಹಿಡಿಸ್ತಾರೆ" ಎಂದು ಕೂಗುತ್ತಿದ್ದರು.

ಗಾಡಿ ಪದೇ ಪದೇ ಕುಲುಕುತ್ತಿತ್ತು. ರಸ್ತೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಕೆಳಗೆ ನೋಡಿದೆ. ಎಡಗಾಲಿನ ಮುಂಭಾಗ ಊರಲಾಗದೆ ಅವರು ಕ್ಲಚ್ಚನ್ನು ಹಿಮ್ಮಡಿಯಿಂದ ಒತ್ತುತ್ತಿದ್ದರು. ಪ್ರತಿ ಸಲವೂ ಸ್ವಲ್ಪ ಬೇಗ ಬಿಟ್ಟುಹೋಗುತ್ತಿತ್ತು.

ಬಂದರಿನಲ್ಲಿ ಇಳಿದಾಗ ಕೇಳಬೇಕೆಂದು ಮನೆಯಿಂದಲೇ ಒಂದು ಪ್ರಶ್ನೆ ತಂದಿದ್ದೆ, ಎಂಟರ ಹಿಂದಿನಿಂದ ಹೇಗೆ ಬಿಡಿಸಿಕೊಂಡು ಬರುತ್ತಿದ್ದಿರಿ ಎಂದು. ಅವರು ನನ್ನ ಕೋಲಿನ ಚೀಲವನ್ನು ಕೈಗಿತ್ತು, "ಮಳೆಗೆ ನೆನೆಸ್ಬೇಡ," ಎಂದರು. ಹಿಂದಿನಿಂದ ಯಾರೋ ಟರ್ಮಿನಲ್ಲಿಗೆ ಹೋಗುತ್ತದೆಯೇ ಎಂದು ಕೂಗಿದರು. ಹತ್ತಿ ಹತ್ತಿ ಎಂದು ನೋಂಗ್ ತಿರುಗಿ ಸೀಟಿಗೆ ಹೋದರು.

ಹಿಮ್ಮಡಿ ಕ್ಲಚ್ಚಿನ ಮೇಲೆ ಸರಿಯಾಗಿ ಕೂರುವ ತನಕ ನೋಡುತ್ತ ನಿಂತಿದ್ದೆ. ಒಮ್ಮೆ ಜಾರಿತು. ಎರಡನೆಯ ಸಲ ಗೇರ್ ಬಿತ್ತು. ನಾನು ಏನೂ ಕೇಳಲಿಲ್ಲ.